ಮ್ಯಾಚು ನೋಡಲು ಹೋದ ಅಯ್ನೋರು

ಅವತ್ತಿನ ಎಲ್ಲ ತಾಪತ್ರಯಕ್ಕೂ ಕಾರಣ ಕಲ್ಲಯ್ಯನ ಹಣೆಯ ಮೇಲಿನ ಮೂರು ಬೆರಳಿನ ವಿಭೂತಿ. ಅದನ್ನು ಹಚ್ಚಿಕೊಳ್ಳುವ ಯೋಚನೆಯೂ ಅವನದಲ್ಲ, ಜೊತೆ ಕೆಲಸಗಾರ ಯಲ್ಲೇಶನದು.

ಕಲ್ಲಯ್ಯ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೇಥ್ ಮಷಿನ್ ನಡೆಸುವವ. ಹುಟ್ಟಿದ್ದು ಜಂಗಮರ ಮನೆಯಲ್ಲಿ, ಆದರೆ ಒಂದು ಮಂತ್ರ ಬಾರದು, ಯಾರ ಮನೆಗೂ ಪೂಜೆಗೆ ಹೋದವನಲ್ಲ. ಅವನ ಭಕ್ತಿಯೆಲ್ಲ ಫೌಂಡ್ರಿಯ ಫುಟ್‌ಬಾಲ್ ಟೀಮಿನ ಮೇಲೆ. ಟೀಮು ಪರವೂರಿಗೆ ಆಡಲು ಹೋದ ಆಯಿತವಾರವೇ ಅವನಿಗೆ ಕೆಲಸದ ಪಾಳಿ ಬೀಳುತ್ತಿತ್ತು. ಮೂರು ವರ್ಷ ಅವನು ಗೋಲುಗಳನ್ನು ಸೋಮವಾರ ಯಲ್ಲೇಶನ ಬಾಯಿಂದ ಕೇಳಿದ್ದನೇ ಹೊರತು ಕಣ್ಣಿಂದ ನೋಡಿರಲಿಲ್ಲ. ಯಲ್ಲೇಶ ಹೇಳುವಾಗ ಅರ್ಧ ಗೋಲು ತಾನೇ ಹೊಡೆದಂತೆ ಹೇಳುತ್ತಿದ್ದ. ಈ ಸಲ ಖಾನಾಪುರದಲ್ಲಿ ಫೈನಲ್. ಕಲ್ಲಯ್ಯ ದೀಪಾವಳಿಯ ರಜೆಯನ್ನು ಬಿಟ್ಟುಕೊಟ್ಟು ಈ ಒಂದು ದಿನ ಸಂಪಾದಿಸಿದ್ದ.

ಟೆಂಪೋ ಹತ್ತುವಾಗ ಯಲ್ಲೇಶ ಅವನ ಬರಿ ಹಣೆ ನೋಡಿ ತಕರಾರು ತೆಗೆದ. ಖಾನಾಪುರದಲ್ಲಿ ಎರಡು ಸಲ ಸೋತಿದ್ದೇವೆ, ಟೀಮಿನವರೊಳಗೆ ಒಬ್ಬ ಅಯ್ಯ ಇದ್ದೂ ಪ್ರಯೋಜನವೇನು ಎಂದ. ಎಲ್ಲರೂ ಹೌದೆಂದರು. ಯಾರೋ ಮನೆಗೆ ಓಡಿ ವಿಭೂತಿ ಗಟ್ಟಿ ತಂದೇಬಿಟ್ಟರು. ಕಲ್ಲಯ್ಯನ ಹಣೆ ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತಾಯಿತು.

ಖಾನಾಪುರದ ಹೊಸ್ತಿಲಲ್ಲೇ ಟೆಂಪೋ ಪಂಕ್ಚರಾಯಿತು. ಆಗ ಎರಡೂಕಾಲು. ಮ್ಯಾಚು ಮೂರಕ್ಕೆ. ಕಲ್ಲಯ್ಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಾನು ಮುಂದೆ ಹೋಗಿ ಎಲ್ಲರಿಗೂ ಜಾಗ ಹಿಡಿಯುತ್ತೇನೆಂದು ಹೊರಟ. ಗ್ರೌಂಡಿನ ದಾರಿ ಕೇಳಲು ಮಾವಿನ ತೋರಣ ಕಟ್ಟಿದ ಒಂದು ಹೊಸ ಮನೆಯ ಮುಂದೆ ನಿಂತ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಾಲ್ಕು ಜನ ಓಡಿ ಬಂದು ಕೈ ಮುಗಿದರು.

"ಬರ್ರಿ ಅಯ್ನೋರ. ದೇವರು ಬಂದಂಗ ಬಂದ್ರಿ" ಎಂದಳು ಮನೆಯೊಡತಿ ಗಂಗಾದೇವಿ.

ಅವತ್ತು ಆ ಮನೆಯ ಶಾಂತಿ, ಗೃಹಪ್ರವೇಶ. ಪೂಜೆ ಮುಗಿದು ಅಡಿಗೆ ಆರುತ್ತಿತ್ತು. ಊಟಕ್ಕೆ ಹೇಳಿದ್ದ ಬೀಡಿ ಊರಿನ ಅಯ್ನೋರು ಇನ್ನೂ ಬಂದಿರಲಿಲ್ಲ. ಜಂಗಮರು ಉಣ್ಣದೆ ಆ ಮನೆಯಲ್ಲಿ ಯಾರೂ ಉಣ್ಣುವವರಲ್ಲ. ಅಂಗಳದಲ್ಲಿ ಅರವತ್ತು ಜನ ಹಸಿದು ಕೂತಿದ್ದರು.

ತಾನು ಮಂತ್ರ ಬಲ್ಲವನಲ್ಲ, ಮ್ಯಾಚಿಗೆ ಬಂದವನು ಎಂದು ಕಲ್ಲಯ್ಯ ಹೇಳಿದ. ಗಂಗಾದೇವಿಯ ಅಣ್ಣ ಗುರುಪುತ್ರಪ್ಪ ಅದಕ್ಕೆ ಜಗ್ಗಲಿಲ್ಲ. ಮಂತ್ರ ಯಾರು ಕೇಳಿದರು, ಕುಂತು ಉಂಡರೆ ಸಾಕು ಎಂದ. ಅಷ್ಟರಲ್ಲಿ ಕಾಶವ್ವನೆಂಬ ಮುದುಕಿ ಗೋಡೆಗೆ ಒರಗಿದಲ್ಲಿಂದಲೇ ಹೇಳಿದಳು: "ಯಪ್ಪಾ, ಮುಂಜಾನಿಂದ ಬಾಯಾಗ ನೀರು ಹಾಕಿಲ್ಲ. ನೀ ಉಂಡ್ರ ನಾ ಉಣ್ಣಾಕಿ."

ಆ ಮಾತಿಗೆ ಕಲ್ಲಯ್ಯ ಚಪ್ಪಲಿ ಕಳಚಿದ. ಹತ್ತು ನಿಮಿಷದ ಕೆಲಸ, ಲಗೂನೆ ಉಂಡು ಓಡಿದರಾಯಿತು ಎಂದು ಒಳಗೆ ಹೋದ.

ಮೊದಲು ಪಾದ ತೊಳೆದರು. ಆಮೇಲೆ ಅರವತ್ತು ಜನ ಒಬ್ಬೊಬ್ಬರಾಗಿ ಬಂದು ಕಾಲಿಗೆ ಬಿದ್ದರು. ನಲವತ್ತನೆಯವನು ಬೀಳುವಾಗ ದೂರದಲ್ಲಿ ಸೀಟಿ ಊದಿದ್ದು ಕೇಳಿಸಿತು. ಕಲ್ಲಯ್ಯನ ಪಾದಗಳು ತಾವಾಗಿಯೇ ಅತ್ತ ತಿರುಗಿದವು. ಬೀಳುವವರೂ ಅತ್ತಲೇ ತಿರುಗಿ ಬಿದ್ದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಯಲ್ಲೇಶ ಕಾಣಿಸಿದ. ಕಲ್ಲಯ್ಯನಿಗೆ ಹೋದ ಜೀವ ಬಂದಂತಾಯಿತು. ಬಿಡಿಸಿಕೊಂಡು ಹೋಗು ಎಂದು ಕಣ್ಣಲ್ಲೇ ಬೇಡಿಕೊಂಡ. ಯಲ್ಲೇಶ ಕಾಲು ತೊಳೆದ ತಾಟು ನೋಡಿದ, ಹೋಳಿಗೆಯ ಬುಟ್ಟಿ ನೋಡಿದ, ಗುರುಪುತ್ರಪ್ಪನ ಕಡೆ ತಿರುಗಿದ.

"ಇವರು ನಮ್ಮ ಬೆಳಗಾವಿಯ ದೊಡ್ಡ ಅಯ್ನೋರು. ಭಾಳ ಸಂಕೋಚದವರು ನೋಡ್ರಿ, ಸಾಕು ಸಾಕು ಅಂತಾರ. ಹಂಗಂದ್ರ ಬಡಸೂದು ಬಿಡಬ್ಯಾಡ್ರಿ" ಎಂದು ಹೇಳಿ ಗ್ರೌಂಡಿನ ಕಡೆ ನಡೆದ.

ಕಲ್ಲಯ್ಯ ತನ್ನ ಉಪಾಯದಂತೆ ಗಬಗಬ ಉಣ್ಣತೊಡಗಿದ. ಅದೇ ತಪ್ಪಾಯಿತು. ಅಯ್ನೋರ ಎಲೆ ಖಾಲಿ ಕಾಣಬಾರದೆಂಬುದು ಬಡಿಸುವವರ ನೇಮ. ಎಲೆಯಲ್ಲಿ ಅಗಳು ಬಿಟ್ಟು ಏಳಬಾರದೆಂಬುದು ಉಣ್ಣುವವನ ನೇಮ. ಇವನು ಬೇಗ ಉಂಡಷ್ಟೂ ಅವರು ಬೇಗ ಬಡಿಸಿದರು. ಹೋಳಿಗೆ ಮುಗಿಸಿದರೆ ಹೋಳಿಗೆ ಬಂತು, ಅದರ ಮೇಲೆ ಬಟ್ಟಲು ತುಪ್ಪ ಬಂತು. ತುಪ್ಪದ ಹಳ್ಳ ದಾಟುವುದರೊಳಗೆ ಅನ್ನದ ಗುಡ್ಡ ಎದ್ದಿತು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಕಟ್ಟಿನ ಸಾರು ಸುರಿದರು.

ಗ್ರೌಂಡಿನಿಂದ ಒಮ್ಮೆ ಭಾರಿ ಕೂಗು ಎದ್ದಿತು. ಕಲ್ಲಯ್ಯ ತುತ್ತು ಹಿಡಿದುಕೊಂಡೇ ಅರ್ಧ ಎದ್ದ. ಅಯ್ನೋರಿಗೆ ಬದನೆಕಾಯಿ ಪಲ್ಲೆ ದೂರಾಯಿತೆಂದು ತಿಳಿದು ಇನ್ನೊಂದು ಸೌಟು ಹಾಕಿದರು. ಮತ್ತೊಂದು ಕೂಗು ಎದ್ದಾಗ ಅವನಿಗೆ ಏಳುವ ಶಕ್ತಿಯೇ ಇರಲಿಲ್ಲ. ಗೋಲು ಯಾರದೆಂದು ಬಡಿಸುವವನನ್ನು ಕೇಳಿದ. ಅವನಿಗೇನು ಗೊತ್ತು. ಮಜ್ಜಿಗೆ ತರಲೇನ್ರಿ ಎಂದ.

ಕೊನೆಗೆ ಬುಟ್ಟಿಯಲ್ಲಿ ಹೋಳಿಗೆ ಮುಗಿದದ್ದರಿಂದ ಕಲ್ಲಯ್ಯ ಪಾರಾದ. ಎಲ್ಲರಿಗೂ ಒಟ್ಟಿಗೆ ಕೈ ಎತ್ತಿ ಆಶೀರ್ವಾದ ಮಾಡಿ, ಬಾಗಿಲು ದಾಟಿದವನೇ ಓಡಿದ. ಓಡಿದನೆಂದರೆ ನೀರು ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಓಡಿದಂತೆ.

ಗ್ರೌಂಡು ಮುಟ್ಟುವಷ್ಟರಲ್ಲಿ ಕೊನೆಯ ಸೀಟಿ ಊದಿ ಜನ ಏಳುತ್ತಿದ್ದರು. ಕಲ್ಲಯ್ಯ ಕಂಬ ಹಿಡಿದು ನಿಂತುಬಿಟ್ಟ. ಅವನ ಕಣ್ಣಲ್ಲಿ ನೀರು ಬಂದದ್ದು ಖರೇ, ಉಂಡ ಖಾರಕ್ಕಲ್ಲ.

ಫೌಂಡ್ರಿಯವರ ನಡುವೆ ಕಾವಿ ಉಟ್ಟ ದಪ್ಪನೆಯವರೊಬ್ಬರು ಕೂತಿದ್ದರು. ಕೂಗಿ ಕೂಗಿ ಅವರ ದನಿ ಬಿದ್ದಿತ್ತು. ಅವರೇ ಬೀಡಿಯ ಅಯ್ನೋರು. ಬಸ್ಸು ತಡವಾಗಿ, ಗಂಗಾದೇವಿಯ ಮನೆಗೆ ಓಡೋಡಿ ಬರುತ್ತಿದ್ದರಂತೆ. ದಾರಿಯಲ್ಲಿ ಯಲ್ಲೇಶ ಎದುರಾಗಿ, ಅಲ್ಲಿ ಬೇರೆ ಅಯ್ನೋರು ಕೂತಾಗಿದೆ, ನಮ್ಮ ಕಡೆ ಒಂದು ಜಾಗ ಖಾಲಿ ಇದೆ ಎಂದನಂತೆ.

"ನಿಮ್ಮ ಉಪಕಾರ ಮರ್ಯಾಂಗಿಲ್ರಿ" ಎಂದರು ಅವರು. "ನನಗ ಸಕ್ಕರಿ ರೋಗ. ಹೋಳಿಗಿ ತಪ್ಪಿತು, ಆಟಾನೂ ಸಿಕ್ತು. ನಿಮ್ಮ ಗೋಲ್‌ಕೀಪರ್ ಅಮರ ಪೆನಾಲ್ಟಿ ಹಿಡದಾ ನೋಡ್ರಿ, ಹಾರಿ ಹಿಂಗ." ಹಿಡಿದು ತೋರಿಸಲು ಹೋಗಿ ಅವರು ಕಲ್ಲಯ್ಯನ ಮೇಲೇ ಬಿದ್ದರು.

ಆದರೆ ದೇವರು ಪೂರ್ತಿ ಕೈಬಿಟ್ಟಿರಲಿಲ್ಲ. ಆಟ ಎರಡು-ಎರಡು ಸಮ ಆಗಿತ್ತು. ಬರುವ ಆಯಿತವಾರ ಇದೇ ಗ್ರೌಂಡಿನಲ್ಲಿ ಮತ್ತೆ ಆಡಿಸುತ್ತಾರೆಂದು ಮೈಕಿನಲ್ಲಿ ಕೂಗಿದರು. ಕಲ್ಲಯ್ಯನ ಮುಖ ಅರಳಿತು. ಪಾಳಿ ಬಿಡಿಸಿಕೊಳ್ಳಲು ಯುಗಾದಿಯ ರಜೆಯನ್ನೂ ಬಿಟ್ಟುಕೊಡುವುದೆಂದು ಅಲ್ಲೇ ನಿಂತು ತೀರ್ಮಾನಿಸಿದ.

ಆಗ ಗುರುಪುತ್ರಪ್ಪ ಜನರನ್ನು ಸರಿಸಿಕೊಂಡು ಬಂದ. ಅವನ ಎರಡೂ ಕೈಯಲ್ಲಿ ಕಲ್ಲಯ್ಯನ ಚಪ್ಪಲಿ ಇದ್ದವು. ತಾನು ಬರಿಗಾಲಲ್ಲಿ ಓಡಿ ಬಂದದ್ದು ಕಲ್ಲಯ್ಯನಿಗೆ ಗೊತ್ತಾದದ್ದೇ ಆಗ.

"ಇಷ್ಟು ಭಕ್ತಿಲೆ ಉಂಡ ಅಯ್ನೋರನ್ನ ನಮ್ಮ ಹಿರ್ಯಾರೂ ನೋಡಿಲ್ಲಂತ್ರಿ" ಎಂದು ಗುರುಪುತ್ರಪ್ಪ ಚಪ್ಪಲಿಗಳನ್ನು ಅವನ ಕಾಲ ಬಳಿ ಇಟ್ಟ. "ಇದು ತಂಗೀದಾತು, ಬರೂ ಐತಾರ ನಮ್ಮ ಮನಿ ಶಾಂತಿ. ನೀವ ಬರಬೇಕು. ಅವತ್ತೂ ನೀವು ಉಂಡ್ರನ ತಾ ಉಣ್ಣಾಕಿ ಅಂತ ಕಾಶವ್ವ ಹಠಾ ಹಿಡದಾಳ."

ಕಲ್ಲಯ್ಯ ಬೀಡಿಯ ಅಯ್ನೋರ ಕಡೆ ಕೈ ತೋರಿಸಿದ. ಅವರು, ಕಾಶವ್ವನ ಮಾತನ್ನು ನಾನು ಮೀರಲಾರೆ, ನಿಮ್ಮ ಜಾಗ ಮಾತ್ರ ಹಿಡಿದಿಟ್ಟಿರುತ್ತೇನೆ ಎಂದರು.

ಬೆಳಗಾವಿಯಿಂದ ಬರುವುದು ದೂರವಾಗುತ್ತದೆ, ಬಸ್ಸಿನ ನಂಬಿಕೆಯಿಲ್ಲ ಎಂದು ಕಲ್ಲಯ್ಯ ಕೊನೆಯ ನೆವ ತೆಗೆದ.

"ಅದರ ಚಿಂತಿ ಬಿಡ್ರಿ" ಎಂದ ಗುರುಪುತ್ರಪ್ಪ. "ಮುಂಜಾನೆನ ನಿಮ್ಮ ಬಾಗಲಿಗೆ ಗಾಡಿ ಕಳಸ್ತೀನಿ. ಮನಿ ಪತ್ತೆ ನಿಮ್ಮ ಗೆಳೆಯಾ ಬರದು ಕೊಟ್ಟಾರ."

ಕಲ್ಲಯ್ಯ ಯಲ್ಲೇಶನನ್ನು ಹುಡುಕಿದ. ಅವನು ಟೆಂಪೋದಲ್ಲಿ ಹಿಂದಿನ ಸೀಟಿಗೆ ಹೋಗಿ, ಎರಡು ಗೋಲು ಹೇಗಾದವೆಂದು ಸೋಮವಾರ ಹೇಳುವುದಾಗಿ ಕೈ ಬೀಸಿ ಕೂಗಿದ.