ಎಡ ಸೀಟಿನ ಎಡವಟ್ಟು

ನಾನು ಅಪ್ಪಟ ಎಡಪಂಥೀಯ. ರಾಜಕೀಯದಲ್ಲಲ್ಲ, ಕಾರಿನಲ್ಲಿ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನಾನು. ಸ್ಟಿಯರಿಂಗ್ ಇರುವುದು ಬಲಗಡೆ, ಅಲ್ಲಿ ಕೂರುವುದು ವಿದ್ಯಾರ್ಥಿ. ಎಡಗಡೆಯ ಸೀಟಿನಲ್ಲಿ ಕೂತು ಕೂತು ಇಪ್ಪತ್ತೆರಡು ವರ್ಷ ಸವೆಸಿದ್ದೇನೆ. ಬೆಳಗಿನ ಮೊದಲ ವಿದ್ಯಾರ್ಥಿ ನನ್ನನ್ನು ಮನೆಯಿಂದ ಕರೆದುಕೊಂಡು ಹೋಗುತ್ತಾನೆ, ಸಂಜೆಯ ಕೊನೆಯ ವಿದ್ಯಾರ್ಥಿ ವಾಪಸ್ ತಂದು ಬಿಡುತ್ತಾನೆ (ಗೇಟಿಗೆ ಗುದ್ದದೆ ಬಿಟ್ಟರೆ ಅವನು ಪಾಸು). ಲಕ್ಷಾಂತರ ಕಿಲೋಮೀಟರ್ ಸಂಚಾರ ಮಾಡಿದ್ದೇನೆ, ಒಂದನ್ನೂ ನಾನು ಓಡಿಸಿಲ್ಲ. ನನ್ನ ಕೈಯಲ್ಲಿ ಕಲಿತವರೆಲ್ಲ ಕಿಟಕಿಗೆ ಮೊಣಕೈ ಊರಿಕೊಂಡು, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಪ್ರಯೋಜನವೇನು, ಉರಿಯುತ್ತದೆ.

ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ, ನಿಜ. ಆದರೆ ಅದಕ್ಕೊಂದು ಶಿಸ್ತುಂಟು. ಅಪಾಯ ಕಂಡ ಕೂಡಲೇ ನಾನೇ ಒತ್ತಿಬಿಟ್ಟರೆ ವಿದ್ಯಾರ್ಥಿ ಕಲಿಯುವುದು ಯಾವಾಗ? ಆದ್ದರಿಂದ ಮೊದಲು "ಬ್ರೇಕ್!" ಎಂದು ಕೂಗಬೇಕು. ಆಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಬೇಕು. ಅಷ್ಟರಲ್ಲಿ ಅವನು ಒತ್ತದಿದ್ದರೆ ಮಾತ್ರ ನಾನು ಒತ್ತಬೇಕು. ಈ 'ದ್ವಿಕ್ಷಣ ಸಂಯಮ ಸೂತ್ರ'ದಿಂದ ನನ್ನ ಸ್ಕೂಲಿಗೆ ಹೆಸರು ಬಂದಿದೆ, ನನಗೆ ರಕ್ತದೊತ್ತಡ ಬಂದಿದೆ.

ಹೀಗಿರುವಾಗ ಹಳೇ ಕಾರು ಮಾರುವವನ ಅಂಗಳದಲ್ಲಿ ಅವೆರಡು ಕಣ್ಣಿಗೆ ಬಿದ್ದವು. ಎರಡೂ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ವಯಸ್ಸು ನಲವತ್ತು ದಾಟಿದ್ದರೂ ಬೆಡಗು ಬಿಡದ ಸುಂದರಿಯರು. ಒಂದು ಕೆಂಪು. ಅದರ ಬಟ್ಟೆಯ ಹುಡ್ ಮಡಚಿದರೆ ಆಕಾಶವೇ ಸೂರು. ಇನ್ನೊಂದು ನೀಲಿ. ಗುಂಡಿ ಒತ್ತಿದರೆ ದೀಪಗಳು ಬಾನೆಟ್ಟಿನೊಳಗಿಂದ ಕಣ್ಣು ತೆರೆದಂತೆ ಮೇಲೇಳುತ್ತವೆ. ಎರಡರಲ್ಲಿ ಒಂದು ನನ್ನದಾಗಲೇಬೇಕೆಂದು ನಿಂತಲ್ಲೇ ತೀರ್ಮಾನಿಸಿದೆ. ವಾರದ ಆರು ದಿನ ಎಡ, ಭಾನುವಾರ ಒಂದು ದಿನ ಬಲ. ಸ್ಟಿಯರಿಂಗ್ ಹಿಡಿಯಲಾಗದವನು ಹಠವನ್ನಾದರೂ ಹಿಡಿಯಬೇಕಲ್ಲ. ಹಿಡಿದೆ.

ಮನೆಗೆ ಬಂದು ನನ್ನವಳ ಮುಂದೆ ವಿಷಯ ಮಂಡಿಸಿದೆ. ನಮ್ಮ ಮನೆಯ ಮುಂದಿನ ಕೋಣೆಯೇ ಸ್ಕೂಲಿನ ಆಫೀಸು. ಅಲ್ಲಿ ಅರ್ಜಿ ತುಂಬಿಸುವುದು, ಕ್ಲಾಸಿನ ಸಮಯ ಹಂಚುವುದು, ನನ್ನ ಹತ್ತಿರ ಬೈಸಿಕೊಂಡು ಬಂದವರಿಗೆ ನೀರು ಕೊಟ್ಟು ಸಮಾಧಾನ ಮಾಡುವುದು ಎಲ್ಲ ಅವಳದೇ.

"ಭಾನುವಾರಕ್ಕೆ ಅಂತ ಒಂದು ಕಾರು ಬೇಕು," ಅಂದೆ.

"ಯಾಕ್ರೀ, ಇರೋ ಕಾರಿಗೆ ಭಾನುವಾರ ರಜಾನಾ?"

"ಅದು ಸ್ಕೂಲಿನ ಕಾರು ಕಣೆ. ಇದು ಸುಮ್ನೆ ಖುಷಿಗೆ, ಆಟಕ್ಕೆ."

"ಇನ್ನು ಮೂರು ವರ್ಷಕ್ಕೆ ಐವತ್ತು ತುಂಬುತ್ತೆ. ಆಟದ ಸಾಮಾನು ಕೇಳ್ತಿದ್ದೀರಲ್ಲ!"

"ಏನಾದ್ರೂ ಅನ್ನು. ನೀನು ಜಪ್ಪಯ್ಯ ಅಂದ್ರೂ ಈ ಸಲ ನಾನು ಬಿಡೋನಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ ಹಾಗಾದ್ರೆ, ಆರಿಸೋಕೆ ನಾನೂ ಬರ್ತೀನಿ," ಅಂದಳು. ನಾನು ಹೆದರಿದ್ದೂ ಅದಕ್ಕೇ.

(ಇವಳಿಗೂ ಕಾರು ಓಡಿಸಲು ಬರುತ್ತದೆ. ಕಲಿಸಿದವನು ನಾನೇ, ಮೂರು ದಿನ. ನಾಲ್ಕನೆಯ ದಿನ ನಾನು ಕೂಗಿದ ಕೂಗಿಗೆ ಅವಳು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ "ಇಳೀರಿ" ಅಂದಳು. ಇಳಿದೆ. ಅವಳು ಒಬ್ಬಳೇ ಓಡಿಸಿಕೊಂಡು ಮನೆ ಸೇರಿದಳು, ನಾನು ನಡೆದುಕೊಂಡು ಸೇರಿದೆ.)

ಹಳೇ ಕಾರು ಮಾರುವವನಿಗೆ 'ಸಿಂಗಲ್ ಓನರ್' ಎಂದೇ ಅಡ್ಡಹೆಸರು. ಅವನ ಅಂಗಳದಲ್ಲಿರುವ ಅಷ್ಟೂ ಕಾರುಗಳನ್ನು ಒಬ್ಬೊಬ್ಬನೇ ಯಜಮಾನ, ಅದೂ ನಿಧಾನವಾಗಿ, ಓಡಿಸಿದ್ದಂತೆ. ಮೊದಲು ನೀಲಿ ಕಾರಿನ ಗುಂಡಿ ಒತ್ತಿ ತೋರಿಸಿದ. ಎರಡು ದೀಪಗಳಲ್ಲಿ ಒಂದು ಮಾತ್ರ ಮೇಲೆದ್ದು, ನನ್ನವಳನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

"ಈ ವಯಸ್ಸಲ್ಲಿ ಕಣ್ಣು ಬೇರೆ ಹೊಡಿಯುತ್ತೆ," ಅಂದಳು ಇವಳು.

"ಫಾರಿನ್ ಗಾಡಿ ಮೇಡಂ. ಸ್ಟಿಯರಿಂಗ್ ಎಡಗಡೆ," ಎಂದ ಸಿಂಗಲ್ ಓನರ್.

ಎಡಗಡೆ! ಇಲ್ಲೂ ನನಗೆ ಅದೇ ಸೀಟು. ಆದರೂ ಅದರ ಅಂದಕ್ಕೆ ಮರುಳಾಗಿ ಹತ್ತಿ ಕೂತೆ. ಇವಳು ಬಲಗಡೆ ಕೂತಳು. ಆ ಸೀಟು, ಆ ಕೋನ, ಬಲಗಡೆ ಒಂದು ಜೀವ, ಎಲ್ಲವೂ ನನಗೆ ಚಿರಪರಿಚಿತ. ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಹೇಳಿದೆ, "ಕನ್ನಡಿ ನೋಡಿಕೊಳ್ಳಿ. ಕ್ಲಚ್ ಪೂರ್ತಿ ಒತ್ತಿ. ಫಸ್ಟ್ ಗೇರ್ ಹಾಕಿ. ಭಯ ಬೇಡ." ಹೇಳಿ, ಕೈ ಕಟ್ಟಿಕೊಂಡು ಕಾದೆ. ಕಾರು ಹೊರಡಲಿಲ್ಲ.

"ಯಾರಿಗೆ ರೀ ಹೇಳ್ತಿದ್ದೀರಿ?" ಅಂದಳು ಇವಳು. "ಸ್ಟಿಯರಿಂಗು ನಿಮ್ಮ ಹೊಟ್ಟೆಗೇ ಒತ್ತಿಕೊಂಡಿದೆ, ಕಾಣಿಸ್ತಿಲ್ವಾ?"

ಇಳಿದು ಬೆವರು ಒರೆಸಿಕೊಂಡೆ. ಇವಳು ಕಾರಿನ ಹಿಂದೆ ಹೋಗಿ, ಸಾಮಾನು ಇಡುವ ಜಾಗ ಎಷ್ಟಿದೆಯೋ ಎಂದು, "ಇದರ ಡಿಕ್ಕಿ ಎಷ್ಟು ದೊಡ್ಡದು?" ಎಂದು ಕೇಳಿದಳು.

ಸಿಂಗಲ್ ಓನರ್ ಮುಖ ಬಿಳಿಚಿಕೊಂಡಿತು. "ಅಂಥ ದೊಡ್ಡದೇನಲ್ಲ ಮೇಡಂ. ಲಾರಿ ನಿಂತಿತ್ತು, ಇದೇ ಹೋಗಿ ತಾಗಿದ್ದು. ಮುಂದಿನ ಭಾಗ ಎಲ್ಲ ಹೊಸದು ಹಾಕ್ಸಿದ್ದೀವಿ."

"ನಾನು ಕೇಳಿದ್ದು ಹಿಂದಿನ ಡಿಕ್ಕಿ."

"ಹಿಂದಿನದೂ ಗೊತ್ತಾ ನಿಮಗೆ?" ಎಂದು ಅವನು ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತ.

ಅಲ್ಲಿಗೆ ನೀಲಿಯ ಅಧ್ಯಾಯ ಮುಗಿಯಿತು. ಉಳಿದದ್ದು ಕೆಂಪು. ಸ್ಟಿಯರಿಂಗ್ ಬಲಗಡೆ, ಡಿಕ್ಕಿ ಹಿಂದೆ ಮಾತ್ರ. ಸೀಟು ಎಷ್ಟು ತಗ್ಗೆಂದರೆ ನಾನು ಅದರಲ್ಲಿ ಕೂರಲಿಲ್ಲ, ಒಳಕ್ಕೆ ಇಳಿದೆ. ಇವಳು ಎಡಗಡೆ ಕೂತು ಸೆರಗು ಸಿಕ್ಕಿಸಿಕೊಂಡಳು. ಕೀಲಿ ತಿರುಗಿಸಿದೆ. ಎಂಜಿನ್ ಗುರುಗುಟ್ಟಿತು, ಆ ನಡುಕ ಅಂಗೈಯಿಂದ ಹೆಗಲಿಗೆ ಬಂತು. ಹುಡ್ ಮಡಚಿತ್ತು, ತಲೆಯ ಮೇಲೆ ಬಿಸಿಲಿತ್ತು, ಮುಂದೆ ರಸ್ತೆಯಿತ್ತು, ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಮೊದಲನೇ ಬೀದಿ ದಾಟುವಷ್ಟರಲ್ಲಿ ನನ್ನ ಮೊಣಕೈ ತಾನಾಗಿ ಬಾಗಿಲ ಮೇಲೆ ಹೋಗಿ ಕೂತಿತ್ತು.

ಎರಡನೇ ಬೀದಿಯ ಕೊನೆಯಲ್ಲಿ ತಿರುವು, ತಿರುವಿನಲ್ಲಿ ಪೀಠೋಪಕರಣಗಳ ಅಂಗಡಿ. ಅಂಗಡಿಯವನು ಒಂದು ಉದ್ದನೆಯ ಸೋಫಾವನ್ನು ರಸ್ತೆಗೇ ತಂದಿಟ್ಟು ಗಿರಾಕಿಯೊಬ್ಬರನ್ನು ಅದರ ಮೇಲೆ ಕೂರಿಸಿ ತೋರಿಸುತ್ತಿದ್ದ. ನಾನು ದೂರದಿಂದಲೇ ನೋಡಿದೆ. ಇಪ್ಪತ್ತೆರಡು ವರ್ಷಗಳ ಅನುಭವ ಒಟ್ಟಾಗಿ ಎಚ್ಚೆತ್ತಿತು. ಗಂಟಲು ಬಿರಿಯುವಂತೆ, "ಬ್ರೇಕ್!" ಎಂದು ಕೂಗಿದೆ.

ಕೂಗಿ, ಎಣಿಸಿದೆ. ಒಂದು...

"ಒತ್ರೀ!" ಅಂದಳು ಇವಳು.

"ಎರಡು ಸೆಕೆಂಡ್ ಅವಕಾಶ ಕೊಡ್ಬೇಕು!" ಅಂದೆ.

"ಯಾರಿಗೆ?"

ಬಹಳ ಮೂಲಭೂತವಾದ ಪ್ರಶ್ನೆ. ನಾನು ಅದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಇವಳು ನಮ್ಮಿಬ್ಬರ ನಡುವಿನ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಾರು ಕಿರುಚಿಕೊಂಡು ಹೋಗಿ ಸೋಫಾಕ್ಕೆ ಮೆಲ್ಲಗೆ ಮೂಗು ತಾಗಿಸಿ ನಿಂತಿತು. ಸೋಫಾ ಅರ್ಧ ಅಡಿ ಹಿಂದೆ ಸರಿಯಿತು. ಅದರಲ್ಲಿ ಸುಖವಾಗಿ ಒರಗಿ ಕಣ್ಣು ಮುಚ್ಚಿದ್ದ ಗಿರಾಕಿ ಕಣ್ಣು ತೆರೆದು ಅಂಗಡಿಯವನನ್ನು ಕೇಳಿದರು, "ಇದಕ್ಕೆ ಚಕ್ರಾನೂ ಇದೆಯಾ?"

"ಇಳೀರಿ," ಅಂದಳು ಇವಳು. ಪುಣ್ಯಕ್ಕೆ ಈ ಸಲ ಎಡಗಡೆ ಹತ್ತಲು ಬಿಟ್ಟಳು.

ವಾಪಸ್ ಬರುವಾಗ ಅವಳು ಓಡಿಸಿದ ರೀತಿಯ ಬಗ್ಗೆ ಏನೂ ಹೇಳುವುದಿಲ್ಲ. ಹೇಳಲು ಏನೂ ಸಿಗಲಿಲ್ಲ, ನನ್ನ ವೃತ್ತಿಜೀವನದಲ್ಲಿ ಅಂಥದ್ದು ಅದೇ ಮೊದಲು. ಕಾರು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಅಂಗಳದಲ್ಲಿ ನಿಲ್ಲಿಸಿ, ಕೂದಲು ಸರಿಮಾಡಿಕೊಂಡು, "ಇದನ್ನೇ ತಗೊಳ್ಳೋಣ ರೀ," ಅಂದಳು. ನಾನು ಕುಣಿಯುವುದೊಂದು ಬಾಕಿ. ಹಠ ಗೆದ್ದಿತಲ್ಲ! ಸೋಫಾದ ಪ್ರಕರಣ ಅಭ್ಯಾಸಬಲದ ದೋಷ, ಎರಡು ಭಾನುವಾರದಲ್ಲಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಾಗದಪತ್ರವೆಲ್ಲ ಮುಗಿದ ದಿನ ಕಾರನ್ನು ಮನೆಗೆ ತಂದವಳೂ ಇವಳೇ. ಗೇಟಿನ ಮುಂದೆ ನಿಲ್ಲಿಸುತ್ತಿದ್ದಂತೆ ಮಹಡಿ ಮನೆಯಾಕೆ ಇಳಿದು ಬಂದರು.

"ಎಷ್ಟು ಚೆನ್ನಾಗಿ ಓಡಿಸ್ತೀರಿ ಮೇಡಂ! ನನ್ನ ಹತ್ರಾನೂ ಲೈಸೆನ್ಸ್ ಇದೆ, ಬೀರುವಿನಲ್ಲಿ. ಸರ್ ಹತ್ರಾನೇ ಕಲಿತಿದ್ದು. ಅವರ ಕೂಗು ಇನ್ನೂ ಕಿವೀಲಿದೆ, ಸ್ಟಿಯರಿಂಗ್ ಮುಟ್ಟೋಕೇ ಭಯ."

"ಭಾನುವಾರ ಬನ್ನಿ," ಅಂದಳು ಇವಳು. ಕಾಫಿಗೆ ಕರೆದಳೆಂದು ನಾನು ತಿಳಿದುಕೊಂಡೆ.

ಭಾನುವಾರ ಬಂತು. ಬೆಳಿಗ್ಗೆ ಬೇಗ ಎದ್ದು ಕಾರನ್ನು ಮುಖ ಕಾಣುವಂತೆ ಒರೆಸಿದೆ. ತಂಪು ಕನ್ನಡಕ ಹಾಕಿಕೊಂಡೆ. ಇವತ್ತು ಆಕಾಶವೇ ಕಳಚಿ ಬಿದ್ದರೂ ಬಲಗಡೆ ಕೂರುವವನು ನಾನೇ ಎಂದುಕೊಂಡು ಕೀಲಿಗಾಗಿ ಮುಂದಿನ ಕೋಣೆಗೆ ಹೋದೆ. ಬೆಂಚಿನ ಮೇಲೆ ಮಹಡಿ ಮನೆಯಾಕೆಯಿಂದ ಹಿಡಿದು ಆರು ಜನ ಹೆಂಗಸರು ಸಾಲಾಗಿ ಕೂತಿದ್ದರು. ಗೋಡೆಯ ಮೇಲೆ ಹೊಸ ಬೋರ್ಡು: 'ಲೈಸೆನ್ಸ್ ಇದ್ದೂ ಓಡಿಸಲು ಬಾರದವರಿಗೆ ಭಾನುವಾರದ ವಿಶೇಷ ತರಗತಿ. ಕೂಗಾಟ ಇರುವುದಿಲ್ಲ.' ಕೀಲಿ ಇವಳ ಮೇಜಿನ ಮೇಲಿತ್ತು.

"ಅದು ನನ್ನ ಕಾರು!" ಅಂದೆ.

"ಅಲ್ಲ ಅಂದೋರು ಯಾರು?"

"ಭಾನುವಾರ ನಾನು ಬಲಗಡೆ ಕೂರಬೇಕು. ಕೂತೇ ಕೂರ್ತೀನಿ."

"ಅದಕ್ಕೇನಂತೆ, ಕೂರಿಸ್ತೀನಿ," ಎಂದು ಇವಳು ರಿಜಿಸ್ಟರ್ ತೆರೆದಳು. "ಲೈಸೆನ್ಸ್ ಇದೆಯಾ?"

"ಇದೆ."

"ಓಡಿಸೋಕೆ ಬರುತ್ತಾ?"

ಬೆಂಚಿನ ಮೇಲಿದ್ದ ಆರೂ ಜನ ನನ್ನ ಕಡೆ ತಿರುಗಿದರು. ಒಬ್ಬೊಬ್ಬರಿಗೂ ಈ ಪ್ರಶ್ನೆಯನ್ನು ನಾನೇ ಒಂದು ಕಾಲದಲ್ಲಿ, ಇದಕ್ಕಿಂತ ಬಹಳ ಜೋರಾಗಿ, ಕೇಳಿದ್ದೆ.

"ನಿಮ್ಮದು ಏಳನೇ ನಂಬರು, ಹನ್ನೊಂದೂವರೆಗೆ," ಎಂದು ಬರೆದುಕೊಂಡಳು. "ಬರ್ತಾ ಎರಡು ಫೋಟೋ ತನ್ನಿ."

ಬಲಗಡೆ ಕೂರಲೇಬೇಕೆಂದು ಪಟ್ಟು ಹಿಡಿದವನು ಇಷ್ಟಕ್ಕೆಲ್ಲ ಹಿಂದೆಗೆಯುವುದುಂಟೆ? ನೆಟ್ಟಗೆ ಸ್ಟುಡಿಯೋಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

"ಅರ್ಜಿಗೆ ಅಂಟಿಸೋ ಫೋಟೋ ಸಾರ್," ಎಂದ ಫೋಟೋದವನು, "ನಗಬಾರದು."

"ಆ ಭಯ ನಿನಗೆ ಬೇಡಪ್ಪ," ಅಂದೆ.