ಮಂಗಳವಾರ ಮಧ್ಯಾಹ್ನದ ನಕ್ಷತ್ರ ವೀಕ್ಷಣೆ

ಅದು ನಡೆದಾಗ ನಾನು ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೋಣೆಯಲ್ಲಿ, ಕಬ್ಬಿಣದ ಕಪಾಟಿಗೂ ಕಿಟಕಿಗೂ ನಡುವೆ ನಿಂತಿದ್ದೆ. ಮೇ ತಿಂಗಳ ಮೂರನೇ ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಕುರ್ಚಿಗಳು ಕಡಿಮೆ ಇದ್ದವು, ಸಭೆಯ ಸಂಚಾಲಕ ನಾನು; ನಮ್ಮಲ್ಲಿ ಸಂಚಾಲಕ ಎಂದರೆ ನಿಂತುಕೊಳ್ಳುವವನು. ಕಂಡದ್ದನ್ನು ಮಾತ್ರ ಹೇಳುತ್ತೇನೆ, ಊಹೆಯನ್ನು ಸೇರಿಸುವುದಿಲ್ಲ. ನನ್ನ ಕಣ್ಣೆದುರಿಗೆ ಕೆಲವು ಜನ ವಿದ್ಯಾವಂತರು, ಸ್ವಸ್ಥಚಿತ್ತರಾಗಿ, ಯಾರ ಒತ್ತಾಯವೂ ಇಲ್ಲದೆ, ರಾತ್ರಿಯ ಆಕಾಶವನ್ನು ನೋಡುವ ತರಗತಿಯನ್ನು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಇಟ್ಟರು. ನಾನು ತಡೆಯಲಿಲ್ಲ. ನನ್ನ ಬಾಯಲ್ಲಿ ಮಿರ್ಚಿ ಬಜ್ಜಿ ಇತ್ತು.

ಮೊದಲಿನಿಂದ ಹೇಳಬೇಕು. ಭೌತಶಾಸ್ತ್ರ ಮತ್ತು ಬಾಹ್ಯಾಕಾಶ ವಿಜ್ಞಾನ ಎಂಬ ಹೊಸ ಪದವಿಯನ್ನು ಶುರು ಮಾಡಬೇಕೆಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿತ್ತು. ಯಾವ ಸೆಮಿಸ್ಟರಿನಲ್ಲಿ ಏನು ಕಲಿಸಬೇಕು ಎಂಬ ಯೋಜನೆ ತಯಾರಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಮೂರು ವಾರ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತೆ. ಗ್ರಹಗಳ ಚಲನೆ, ಕಕ್ಷೆಗಳ ಲೆಕ್ಕ, ನಕ್ಷತ್ರಗಳ ಹುಟ್ಟು ಸಾವು, ಎಲ್ಲವನ್ನೂ ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿದೆ. ಮನೆಯವರು ಅಡುಗೆಮನೆಯಲ್ಲಿ ತಟ್ಟೆ ಹಿಡಿದು ತಿನ್ನುವ ಪರಿಸ್ಥಿತಿ ಬಂತು. ಗ್ಯಾಸ್ ಸಿಲಿಂಡರ್ ಬದಲಾಯಿಸಲು ಪಕ್ಕದ ಮನೆಯವರನ್ನು ಕರೆಯುವ ಮನುಷ್ಯ ರಾಕೆಟ್ಟು ಹೆಂಗೆ ಹಾರಿಸುತ್ತಾನೆ ಎಂದು ನನ್ನ ಹೆಂಡತಿ ಕೇಳಿದಳು. ನಾನು ಹಾರಿಸುವುದಿಲ್ಲ, ಹಾರಿಸುವುದರ ಪಾಠ ಮಾಡುತ್ತೇನೆ ಎಂದೆ. ಅದು ಅವಳಿಗೆ ಸಮಾಧಾನ ತಂದಿತು.

ಆದರೆ ನನಗೆ ಒಂದು ವಿಷಯ ಮರೆತುಹೋಗಿತ್ತು. ನಮ್ಮಲ್ಲಿ ಪಠ್ಯಕ್ರಮವನ್ನು ವಿದ್ಯಾರ್ಥಿ ಏನು ಕಲಿಯಬೇಕು ಎಂಬುದರಿಂದ ಶುರು ಮಾಡುವ ಪದ್ಧತಿ ಇಲ್ಲ; ಯಾವ ಮೇಷ್ಟ್ರಿಗೆ ವಾರಕ್ಕೆ ಎಷ್ಟು ತಾಸು ಕಡಿಮೆ ಬೀಳುತ್ತದೆ ಎಂಬುದರಿಂದ ಶುರು ಮಾಡುತ್ತೇವೆ. ಕಾಯಂ ಅಧ್ಯಾಪಕನಿಗೆ ಹದಿನಾರು ತಾಸು ತುಂಬಲೇಬೇಕು. ತುಂಬದಿದ್ದರೆ ಅವನನ್ನು ಅದೇ ಆಡಳಿತ ಮಂಡಳಿಯ ಹೈಸ್ಕೂಲಿಗೆ ಕಳಿಸುತ್ತಾರೆ. ಹೀಗಾಗಿ ಸಭೆಗೆ ಬಂದ ಪ್ರತಿಯೊಬ್ಬರೂ ನನ್ನ ಬ್ರಹ್ಮಾಂಡದೊಳಗೆ ತಮ್ಮ ತಮ್ಮ ತಾಸು ಹುಡುಕತೊಡಗಿದರು. ರಸಾಯನಶಾಸ್ತ್ರದ ನಾಗರಾಜ ಸರ್, ದಿನಾ ಹರಿಹರದಿಂದ ಬಂದು ಹೋಗುವವರು, ತಮ್ಮ ಹಳೆಯ ನೋಟ್ಸಿಗೇ ರಾಕೆಟ್ ಇಂಧನ ಎಂದು ಹೆಸರಿಟ್ಟು ನಾಲ್ಕು ತಾಸು ಪಡೆದರು. ಸಸ್ಯಶಾಸ್ತ್ರದವರು, ಗಗನಯಾತ್ರಿಯೂ ಊಟ ಮಾಡಬೇಕಲ್ಲವೇ ಎಂದು ಕೇಳಿ ಮೂರು ತಾಸು ಒಯ್ದರು. ಸಭೆಗೆಂದು ತರಿಸಿದ್ದ ಮಂಡಕ್ಕಿ ಮಿರ್ಚಿಯ ತಟ್ಟೆ ಅರ್ಧವಾಗುವ ಹೊತ್ತಿಗೆ ನಕ್ಷತ್ರಗಳ ಹುಟ್ಟು ಹೋಗಿತ್ತು, ಸಾವು ಮಾತ್ರ ಉಳಿದಿತ್ತು.

ನನ್ನ ಗಮನವೆಲ್ಲ ಒಂದೇ ಪತ್ರಿಕೆಯ ಮೇಲಿತ್ತು: ಆಕಾಶ ವೀಕ್ಷಣೆ, ಪಾಠವೂ ಪ್ರಯೋಗವೂ ಸೇರಿ ವಾರಕ್ಕೆ ನಾಲ್ಕು ತಾಸು. ಅದನ್ನು ನಾನು ಹಾಕಿದ್ದು ಗಿರಿಜಾ ಮೇಡಂ ಅವರಿಗಾಗಿ. ಗಿರಿಜಾ ಮೇಡಂ ನಮ್ಮ ಅತಿಥಿ ಉಪನ್ಯಾಸಕಿ, ಅವರದೂ ಹರಿಹರವೇ. ಖಗೋಳ ಭೌತಶಾಸ್ತ್ರವನ್ನೇ ವಿಶೇಷವಾಗಿ ಓದಿ ಪಾಸಾದವರು. ಆರು ವರ್ಷದಿಂದ ನಮ್ಮಲ್ಲಿ ಮಕ್ಕಳ ಕೈಗೆ ಸ್ಕ್ರೂಗೇಜ್ ಕೊಟ್ಟು ತಂತಿಯ ದಪ್ಪ ಅಳೆಸುತ್ತಿದ್ದರು. ಆ ವರ್ಷ ಆ ತಂತಿಯೂ ಬೇರೆಯವರ ಪಾಲಿಗೆ ಹೋಗಿತ್ತು. ಆಕಾಶ ವೀಕ್ಷಣೆ ಉಳಿದರೆ ಅವರ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಮಂಡಕ್ಕಿ ಮುಟ್ಟಿರಲಿಲ್ಲ.

ಪತ್ರಿಕೆಗೆ ಯಾರ ವಿರೋಧವೂ ಇರಲಿಲ್ಲ. ತೊಂದರೆ ಬಂದದ್ದು ರಾತ್ರಿಯದು. ನಮ್ಮ ವಿಭಾಗದ ಮುಖ್ಯಸ್ಥರು ರೇವಣಸಿದ್ದಪ್ಪ ಸರ್, ಒಳ್ಳೆಯ ಮನುಷ್ಯ. ಸಂಜೆ ಆರಕ್ಕೆ ಗೇಟಿಗೆ ಬೀಗ ಬೀಳುತ್ತದೆ ಎಂದರು. ನಿಟ್ಟುವಳ್ಳಿ, ಆವರಗೆರೆಯಿಂದ ಬರುವ ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಟೆರೇಸಿನ ಮೇಲೆ ನಿಲ್ಲಿಸಿಕೊಂಡರೆ ಅವರ ಮನೆಯವರಿಗೆ ಏನು ಹೇಳೋದು ಎಂದು ಕೇಳಿದರು. ಟೆರೇಸಿನ ಕೀಲಿ ಪ್ರಾಂಶುಪಾಲರ ಹತ್ತಿರ ಇದೆ, ಪ್ರಾಂಶುಪಾಲರು ಐದಕ್ಕೇ ಹೊರಡುತ್ತಾರೆ. ಪ್ರಯೋಗದ ಪರೀಕ್ಷೆಗೆ ಇನ್ನೊಬ್ಬರು ಪರೀಕ್ಷಕರು ಬೇಕು, ಅದು ನಾಗರಾಜ ಸರ್. ಅವರು ಸಂಜೆಯ ಪ್ಯಾಸೆಂಜರ್ ರೈಲು ತಪ್ಪಿಸಿಕೊಂಡ ದಾಖಲೆಯೇ ಇಲ್ಲ. ಒಂದೊಂದು ಕಾರಣವೂ ಸರಿಯಾಗಿತ್ತು. ನನ್ನನ್ನು ಇವತ್ತಿಗೂ ನಡುಗಿಸುವುದು ಅದೇ. ಹುಚ್ಚು ಮಾತು ಯಾರೂ ಆಡಲಿಲ್ಲ. ಸರಿಯಾದ ಮಾತುಗಳನ್ನೇ ಒಂದರ ಪಕ್ಕ ಒಂದು ಇಡುತ್ತ ಬಂದು ಕೊನೆಗೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ತಲುಪಿದೆವು.

ನಾನು ಮಿರ್ಚಿ ನುಂಗಿ, ಹಗಲು ನಕ್ಷತ್ರ ಕಾಣುವುದಿಲ್ಲವಲ್ಲ ಸರ್, ಎಂದೆ. ಇಷ್ಟನ್ನು ಹೇಳಲು ಡಾಕ್ಟರೇಟ್ ಬೇಕಾಗಿರಲಿಲ್ಲ, ಆದರೂ ನನ್ನ ಡಾಕ್ಟರೇಟ್ ಕಾಲೇಜಿಗೆ ನೇರವಾಗಿ ಉಪಯೋಗವಾದದ್ದು ಆ ಒಂದು ವಾಕ್ಯದಲ್ಲೇ ಇರಬೇಕು. ರೇವಣಸಿದ್ದಪ್ಪ ಸರ್ ಇನ್ನೊಂದು ಮಿರ್ಚಿ ಕೈಗೆತ್ತಿಕೊಂಡರು. ಹಂಗಾದ್ರೆ ಪತ್ರಿಕೆಯನ್ನೇ ತೆಗೆದುಬಿಡೋಣ ಎಂದರು.

ಆಗ ಗಿರಿಜಾ ಮೇಡಂ ಸ್ಟೂಲಿನಿಂದ ಮಾತಾಡಿದರು. "ತೆಗಿಯೋದು ಬ್ಯಾಡ್ರಿ ಸರ್. ಹಗಲೊತ್ತಿನಾಗೂ ಒಂದು ನಕ್ಷತ್ರ ಇರತೈತಲ್ಲ. ಅದನ್ನೇ ನೋಡ್ತೀವಿ."

ಸೂರ್ಯ ನಮಗೆ ಯಾರಿಗೂ ನೆನಪಾಗಿರಲಿಲ್ಲ. ಕಿಟಕಿಯಾಚೆ ಅವನು ನೆತ್ತಿಯ ಮೇಲೇ ಉರಿಯುತ್ತಿದ್ದ, ಅವನ ಕಾವು ನನ್ನ ಬೆನ್ನಿಗೆ ತಾಗುತ್ತಿತ್ತು. ಪತ್ರಿಕೆ ಉಳಿಯಿತು. ಹದಿನೈದು ದಿನದಲ್ಲಿ ಗಿರಿಜಾ ಮೇಡಂ ಪೂರ್ತಿ ಸೆಮಿಸ್ಟರಿನ ಯೋಜನೆ ತಂದುಕೊಟ್ಟರು. ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಕಲೆಗಳ ಚಿತ್ರ ಬರೆಯುವುದು, ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯುವುದು, ಹಳೆಯ ಸಿಡಿ ಚೂರಿನಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವುದು, ಮೋಡ ಕವಿದ ವಾರಕ್ಕೆಂದೇ ಬೇರೆ ಲೆಕ್ಕಗಳು. ಅಷ್ಟು ಚೆಂದದ ಯೋಜನೆಯನ್ನು ನಾನು ನೋಡಿರಲಿಲ್ಲ. ನಮ್ಮ ಪದವಿಯಲ್ಲಿ ಬಾಹ್ಯಾಕಾಶ ಎಂಬುದು ಉಳಿದಿದ್ದರೆ ಆ ನಾಲ್ಕು ತಾಸಿನಲ್ಲಿ ಉಳಿದಿತ್ತು.

ಪದವಿ ಶುರುವಾಯಿತು. ದುರದೃಷ್ಟವಶಾತ್ ಯಶಸ್ವಿಯಾಯಿತು. ಹಳೆಯ ಭೌತಶಾಸ್ತ್ರಕ್ಕೆ ಬರಬೇಕಾಗಿದ್ದ ಮಕ್ಕಳೆಲ್ಲ ಬಾಹ್ಯಾಕಾಶ ಎಂಬ ಹೆಸರು ಕಂಡು ಹೊಸದಕ್ಕೆ ಸೇರಿದರು. ಹಳೆಯದರಲ್ಲಿ ಒಂದು ಸೆಕ್ಷನ್ನನ್ನೇ ಮುಚ್ಚಬೇಕಾಯಿತು. ಅದರಲ್ಲಿ ಪಾಠ ಮಾಡುತ್ತಿದ್ದವನು ನಾನು. ಆಗಸ್ಟಿನಲ್ಲಿ ಅದೇ ಕೋಣೆಯಲ್ಲಿ ತಾಸುಗಳ ಹಂಚಿಕೆಗೆ ಸೇರಿದಾಗ ನನಗೆ ಹನ್ನೆರಡೇ ತಾಸು ಇರುವುದು ಬೆಳಕಿಗೆ ಬಂತು.

ರೇವಣಸಿದ್ದಪ್ಪ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟರು. "ಚಿಂತಿ ಮಾಡಬ್ಯಾಡ್ರಿ. ಕಾಯಂ ಇದ್ದೋರ ತಟ್ಟಿ ತುಂಬಿದ ಮ್ಯಾಲೇ ಅತಿಥಿಗೆ ಬಡಿಸೋದು, ನಿಯಮ ಐತಿ. ಸೂರ್ಯನ್ನ ನೀವು ತಗಳ್ರಿ."

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಅತಿಥಿಗೆ ಬಡಿಸಿ ಆಮೇಲೆ ಮನೆಯವರು ಉಣ್ಣುತ್ತಾರೆ. ಕಾಲೇಜಿನಲ್ಲಿ ಮಾತ್ರ ಯಾಕೆ ತಿರುವುಮುರುವು ಎಂದು ಕೇಳಬೇಕೆಂದುಕೊಂಡೆ. ಬೇರೆ ದಾರಿ ಇಲ್ಲವೇ ಎಂದಷ್ಟೇ ಕೇಳಿದೆ. ಹೈಸ್ಕೂಲು ಇದೆಯಲ್ಲ ಎಂದರು. ನಾನು ಹಂಚಿಕೆಯ ಪಟ್ಟಿಗೆ ಸಹಿ ಹಾಕಿದೆ. ಗಿರಿಜಾ ಮೇಡಂ ತಮ್ಮ ಚೀಲದಿಂದ ದೂರದರ್ಶಕದ ಪೆಟ್ಟಿಗೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

"ಸರ್, ಅದಕ್ಕೆ ಕಣ್ಣಿಟ್ಟು ಮಾತ್ರ ಸೂರ್ಯನ್ನ ನೋಡಬ್ಯಾಡ್ರಿ," ಎಂದರು. "ಹುಡುಗ್ರಿಗೂ ಹೇಳ್ರಿ. ಕಣ್ಣು ಹೋಕ್ಕಾವು."

ಬಾಗಿಲು ದಾಟಿ ಬಸ್ಸಿಗೆ ಹೊರಟರು.

ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಎರಡಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಹೋಗುತ್ತೇನೆ. ಮೊದಲನೇ ವಾರ ಹಾಳೆಯ ಮೇಲೆ ಬಿಂಬವೇ ಬೀಳಲಿಲ್ಲ. ಎರಡನೇ ವಾರ ಬಿದ್ದದ್ದು ಪ್ರಾಂಶುಪಾಲರ ಕೋಣೆಯ ಗೋಡೆಯ ಮೇಲೆ. ಮೂರನೇ ವಾರ ಒಂದು ಕಲೆ ಕಂಡಿತು, ಹದಿನೆಂಟು ಮಕ್ಕಳು ಅದರ ಚಿತ್ರ ಬರೆದುಕೊಂಡ ಮೇಲೆ ಅದು ಗಾಜಿನ ಮೇಲಿನ ಕೊಳೆ ಎಂದು ತಿಳಿಯಿತು. ಅದಕ್ಕೇ ನಾಚಿಕೆ ಬಿಟ್ಟು ಪ್ರತಿ ಸೋಮವಾರ ಸಂಜೆ ಹರಿಹರಕ್ಕೆ ಫೋನ್ ಮಾಡುತ್ತೇನೆ.

ನಾನು ಕಲ್ಪಿಸಿ ಬರೆದೆ ಎಂದು ಯಾರಿಗಾದರೂ ಅನ್ನಿಸಿದರೆ, ಇದನ್ನು ಕಂಡವರು ಇನ್ನೂ ಇದ್ದಾರೆ. ರೇವಣಸಿದ್ದಪ್ಪ ಸರ್ ನಿವೃತ್ತರಾಗಿ ಆವರಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ಆರೋಗ್ಯವಾಗಿದ್ದಾರೆ. ನಾಗರಾಜ ಸರ್ ಇದ್ದಾರೆ, ಸಂಜೆಯ ರೈಲಿನಲ್ಲಿ ಸಿಗುತ್ತಾರೆ. ಗಿರಿಜಾ ಮೇಡಂ ಹರಿಹರದ ತಮ್ಮ ಮನೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ನಾನು ಫೋನ್ ಮಾಡಿದಾಗ ಮಕ್ಕಳಿಗೆ ಸುಮ್ಮನಿರಲು ಹೇಳಿ, ಮರುದಿನದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಕೊನೆಗೆ, ಅರ್ಥ ಆತಾ ಸರ್, ಎಂದು ಕೇಳುತ್ತಾರೆ. ನಾನು ಆತು ಎನ್ನುತ್ತೇನೆ. ಆದರೂ ಅವರು ಇನ್ನೊಂದು ಸಲ ಹೇಳುತ್ತಾರೆ.