ಓಣಿಯ ನೆಟ್ ನುಂಗಿದ ನಾಣ್ಯ

ಮನೆಮನೆಗೆ ನೆಟ್ ಲೈನ್ ಎಳೆಯುವವನಿಗೆ ಮನರಂಜನೆಗೆಂದು ಬೇರೆ ಖರ್ಚಿಲ್ಲ, ಗಿರಾಕಿಗಳೇ ಒದಗಿಸುತ್ತಾರೆ. ನನ್ನ ಅಂಗಡಿ ಉಮರಗಾದಲ್ಲಿ. ಹತ್ತಿರದ ಮುರುಮ ಊರಿನ ಒಂದು ಓಣಿಗೆ ನಾನು ಕೊಟ್ಟ ಒಂದೇ ಲೈನನ್ನು ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಆ ಓಣಿಯಲ್ಲಿ ಒಬ್ಬ ಟ್ಯೂಶನ್ ಸರ್ ಇದ್ದಾರೆ. ಓಣಿಯ ದುರ್ದೈವ, ಇನ್ನೇನು!

೧. ಮಾಲಕರಿಲ್ಲದ ಕಾರಭಾರ

ಸರ್ ಮಹಡಿಯ ಮೇಲೆ ಹಗಲೂ ರಾತ್ರಿ ಗುಂಯ್‌ಗುಡುವ ಕಂಪ್ಯೂಟರ್ ಇಟ್ಟರು. ಕ್ರಿಪ್ಟೋ ನಾಣ್ಯದ್ದಂತೆ.

“ಇದಕ್ಕ ಬ್ಯಾಂಕಿಲ್ಲ, ಮಾಲಕಿಲ್ಲ. ಜಗತ್ತಿನಾಗ ಯಾರು ಯಾರಿಗಿ ಕೊಟ್ರೂ ಆ ಹಿಸಾಬು ಎಲ್ಲಾರ ಮಷೀನಿನ್ಯಾಗೂ ಇರ್ತದ. ಯಾರನ್ನೂ ನಂಬೂ ಜರೂರತ್ತೇ ಇಲ್ಲ,” ಎಂದರು.

“ನಿಮ್ಮ ಹತ್ರ ಎಷ್ಟು ನಾಣ್ಯ ಅದಾವ್ರೀ?”

“ಇನ್ನಾ ಒಂದೂ ಇಲ್ಲ.”

ಕಂಡವರ ಹಿಸಾಬು ಕಾಯಲು ತಮ್ಮ ಮನೆಯ ಕರೆಂಟು ಸುಡುವ ಇಂಥ ಪುಣ್ಯಾತ್ಮರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

೨. ಇಡೀ ಹಂಡೆ

ಓಣಿಯ ನೆಟ್ ಕುಂಟತೊಡಗಿತು. ಮೊದಲ ಫೋನು ಸರ್ ಎದುರು ಮನೆಯ ಅಯ್ಯನವರದು. ಮಂಡಿನೋವಿನಿಂದ ಬಸ್ಸು ಹತ್ತಲಾರದೆ, ನಿಲಂಗಾ, ಉದಗೀರದ ಭಕ್ತರ ಮನೆಯ ಪೂಜೆಗಳನ್ನು ಅವರು ವಿಡಿಯೋದಲ್ಲೇ ನಡೆಸುತ್ತಾರೆ. ಅದೇ ಅವರ ಅನ್ನ.

“ತಮ್ಮಾ, ನಿಲಂಗಾದವರಿಗಿ ನಾ ‘ಕಾಯಿ ಒಡೀರಿ’ ಅಂದಿದ್ದು ಅವರು ಕೊಬ್ರಿ ತಿಂದು ಕೈ ತೊಳ್ಕೊಂಡ ಮ್ಯಾಲ ಮುಟ್ಟೇದ. ಹಿಂಗಾದ್ರ ಮಂದಿ ಬ್ಯಾರೆ ಅಯ್ಯಗೋಳ್ನ ಕರೀತಾರ.”

ಹೋಗಿ ನೋಡಿದರೆ ಲೈನನ್ನೆಲ್ಲ ಹೀರುತ್ತಿದ್ದದ್ದು ಸರ್ ಮಷೀನು. ಸರ್‌ಗೆ ನಾಚಿಕೆಯೂ ಇಲ್ಲ.

“ಓಣ್ಯಾಗ ಎಲ್ಲಾರೂ ಒಂದೊಂದು ಮಷೀನ್ ಇಡ್ರಿ. ಭಾರ ಹಂಚಿ ಹೋಗ್ತದ.”

“ಒಬ್ಬೊಬ್ಬರೂ ಎಲ್ಲಾ ಹಿಸಾಬು ಇಳಿಸ್ಕೋಬೇಕಲ್ರೀ, ಹಂಚೂದೇನು ಬಂತು?”

ಪಂಕ್ತಿಗೆ ಮಂದಿ ಹೆಚ್ಚಾದರೆ ಹಂಡೆಯ ಅನ್ನ ಹಂಚಿಹೋಗುತ್ತದೆ. ಇವರ ಪಂಕ್ತಿಯಲ್ಲಿ ಕೂತವರೆಲ್ಲ ತಲಾ ಒಂದು ಹಂಡೆ ಖಾಲಿ ಮಾಡಬೇಕು. ಅಂದಹಾಗೆ, ಸರ್ ಮಕ್ಕಳಿಗೆ ಕಲಿಸುವುದು ಗಣಿತ.

೩. ಆರತಿ

ಸರ್ ಉದಗೀರದಲ್ಲಿ ಹೊಸ ಮನೆ ಕಟ್ಟಿಸಿದರು. ವಾಸ್ತುಶಾಂತಿ ಅಯ್ಯನವರದೇ, ಮುರುಮದಿಂದ ವಿಡಿಯೋದಲ್ಲಿ. ಇದೊಂದು ಕೆಟ್ಟರೆ ಉದಗೀರದ ಮನೆಗಳೆಲ್ಲ ತಮ್ಮ ಕೈಬಿಡುತ್ತವೆಂದು ಅಯ್ಯನವರಿಗೆ ಜೀವ ಹಾರಿತ್ತು. ಅವತ್ತೊಂದು ದಿನ ಮಷೀನ್ ಬಂದ್ ಇಡಿ ಎಂದು ಸರ್‌ಗೆ ನಾನು ಕೈಮುಗಿದು ಹೇಳಿದೆ. “ನಾಣ್ಯದ ನೆಟ್‌ವರ್ಕ್ ನನ್ನ ಮ್ಯಾಲ ನಿಂತದ,” ಎಂದರು ಮಹಾಶಯರು.

ಆರತಿಯ ಹೊತ್ತಿಗೆ ಉದಗೀರದಿಂದ ಸರ್ ಅವರದೇ ಫೋನು. ಹಿಂದೆ ಗಂಟೆಯ ಸದ್ದು.

“ಅಯ್ಯನೋರು ‘ನಾ ಸಾಕು ಅನ್ನೂತನಕ ಬೆಳಗ್ರಿ’ ಅಂದ್ರು. ಆಮ್ಯಾಲ ವಿಡಿಯೋದಾಗ ಎತ್ತಿದ ಕೈ ಎತ್ತಿದಂಗೇ ನಿಂತಾರ್ರೀ! ನನ್ನ ತೋಳು ಬಿದ್ದು ಹೋಗಲತ್ತದ.”

“ಆರತಿ ಕೆಳಗ ಇಡ್ರಲ್ಲ.”

“ಅವರು ಅನ್ನಲಾರ್ದ ಹ್ಯಾಂಗ ಇಡ್ಲಿ? ಹಿರ್ಯಾರೆಲ್ಲಾ ನಿಂತಾರ.”

“ನಿಮ್ಮ ಮಷೀನೇ ಲೈನ್ ತಿನ್ನಲತ್ತದ. ಹೂಂ ಅನ್ರಿ, ನಿಮ್ಮ ಮುರುಮದ ಮನಿ ಲೈನ್ ಇಲ್ಲಿಂದ್ಲೇ ಕಟ್ ಮಾಡ್ತೀನಿ. ಅಯ್ಯನೋರು ಈಗಿಂದೀಗ ಮಾತಾಡ್ತಾರ.”

ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ ಸರ್ ದನಿ ಕೇಳಿಸಿತು, ನನಗಲ್ಲ, ಮನೆಯವರಿಗೆ:

“ಏ, ಇನ್ನೊಂದು ಡಬ್ಬಿ ಕರ್ಪೂರ ತರ್ರಿ!”